ಬಾಯಿ ತೆರೆಯುವ ಹೊತ್ತಿಗೆ ಮುಗಿದುಹೋಗುವ ಪರೀಕ್ಷೆ

ರಾಸಾಯನಿಕಗಳ ಸುರಕ್ಷತಾ ಪರೀಕ್ಷೆಯ ನಿಯಮಗಳನ್ನೂ ನೀರಿನ ಗುಣಮಟ್ಟದ ಮಾನದಂಡಗಳನ್ನೂ ರೂಪಿಸುವ ಪ್ರಾಧಿಕಾರಗಳ ಮುಖ್ಯಸ್ಥರಿಗೆ ಹಾಗೂ ತಜ್ಞ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ನೀರಿಗೆ ಸೇರುವ ರಾಸಾಯನಿಕಗಳನ್ನು ಮೀನಿನ ಮೊಟ್ಟೆ ಮತ್ತು ಮರಿಗಳ ಮೇಲೆ ಪರೀಕ್ಷಿಸಿ ವರದಿ ಕೊಡುವ ಪ್ರಯೋಗಾಲಯವೊಂದರಲ್ಲಿ ನಾನು ಹಲವು ವರ್ಷ ಸಹಾಯಕಿಯಾಗಿ ದುಡಿದಿದ್ದೇನೆ. ವಿಜ್ಞಾನಿ ಎಂದು ಕರೆದುಕೊಳ್ಳುವ ಅರ್ಹತೆ ನನಗಿಲ್ಲ. ಮೊಟ್ಟೆಗಳನ್ನು ಆರಿಸಿ ಎಣಿಸುವುದು, ದ್ರಾವಣ ಬದಲಿಸುವುದು, ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ನಮೂನೆಯಲ್ಲಿ ತುಂಬುವುದು ನನ್ನ ಕೆಲಸವಾಗಿತ್ತು. ಆದರೆ ಒಂದು ವಸ್ತುವನ್ನು ಬಳಕೆಗೆ ಬಿಡಬಹುದೇ, ನೀರಿನಲ್ಲಿ ಅದು ಎಷ್ಟಿದ್ದರೆ ಅಡ್ಡಿಯಿಲ್ಲ ಎಂದು ತಾವು ನಿರ್ಧರಿಸುವುದು ಇಂಥ ನಮೂನೆಗಳನ್ನು ಮುಂದಿಟ್ಟುಕೊಂಡೇ. ಹಾಗಾಗಿ ಆ ನಮೂನೆಯಲ್ಲಿ ಏನನ್ನು ಬರೆಯಲು ಜಾಗವಿತ್ತು, ಏನನ್ನು ಬರೆಯಲು ಜಾಗವೇ ಇರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ನನ್ನ ದೂರು ಇಷ್ಟೇ: ಕಣ್ಣಿಗೆ ಕಾಣದಷ್ಟು ಸಣ್ಣದಾದ ನ್ಯಾನೋ ಕಣಗಳು ಬೆಳೆಯುತ್ತಿರುವ ಮೀನುಮರಿಯ ಕರುಳಿನಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾಗಳನ್ನು ಏನು ಮಾಡುತ್ತವೆ ಎಂಬ ಪ್ರಶ್ನೆಯನ್ನು ಈಗಿನ ಪರೀಕ್ಷೆಗಳು ಕೇಳುವುದೇ ಇಲ್ಲ; ಕೇಳದೆಯೇ 'ಪರಿಣಾಮ ಕಂಡುಬಂದಿಲ್ಲ' ಎಂದು ಉತ್ತರಿಸುತ್ತವೆ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದು ತಮಗೆ ತಿಳಿಯದ ವಿಷಯವಲ್ಲ. ಆದರೂ ಅದನ್ನು ಕೈಯಾರೆ ಮಾಡಿದವಳ ಮಾತಿನಲ್ಲಿ ಒಮ್ಮೆ ಕೇಳಬೇಕೆಂದು ವಿನಂತಿ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2013ರಲ್ಲಿ ಅಂಗೀಕರಿಸಿದ 236ನೆಯ ಮಾರ್ಗಸೂಚಿಯ ಪ್ರಕಾರ, ಗರ್ಭಕಟ್ಟಿದ ಕೆಲವೇ ಗಂಟೆಗಳೊಳಗಿನ ಜೀಬ್ರಾ ಮೀನಿನ (ಪ್ರಯೋಗಾಲಯಗಳಲ್ಲಿ ಸಾಕುವ ಪುಟ್ಟ ಸಿಹಿನೀರಿನ ಮೀನು) ಮೊಟ್ಟೆಗಳನ್ನು 24 ಕುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಕುಳಿಗೊಂದರಂತೆ ಹಾಕಿ, 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 96 ಗಂಟೆ ಇಡಲಾಗುತ್ತದೆ. ದಿನಕ್ಕೊಮ್ಮೆ ನೋಡಿ ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು: ಮೊಟ್ಟೆ ಕೆಟ್ಟು ಹಾಲಿನಂತೆ ಬೆಳ್ಳಗಾಗಿದೆಯೇ, ಬೆನ್ನುದ್ದಕ್ಕೂ ಸ್ನಾಯುಖಂಡಗಳು ಮೂಡಿವೆಯೇ, ಬಾಲ ಹಳದಿ ಚೀಲದಿಂದ ಬಿಡಿಸಿಕೊಂಡಿದೆಯೇ, ಹೃದಯ ಬಡಿಯುತ್ತಿದೆಯೇ. ನಾಲ್ಕೂ ಸರಿಯಿದ್ದರೆ ಮರಿ ಬದುಕಿದೆ ಎಂದರ್ಥ. ಐದನೆಯ ದಿನ ಬೆಳಿಗ್ಗೆ ತಟ್ಟೆಗಳು ಖಾಲಿಯಾಗುತ್ತವೆ, ಬದುಕಿದ್ದ ಮರಿಗಳನ್ನು ನೋವಾಗದಂತೆ ಕೊಲ್ಲಲಾಗುತ್ತದೆ, ವರದಿ ಮುಂದಕ್ಕೆ ಹೋಗುತ್ತದೆ.

ಒಮ್ಮೆ ಬೆಳ್ಳಿಯ ನ್ಯಾನೋ ಕಣಗಳಿದ್ದ ದ್ರಾವಣದ ಸರದಿ. ನಾಲ್ಕನೆಯ ದಿನ, ಉಳಿದವಕ್ಕಿಂತ ಬೆಳವಣಿಗೆಯಲ್ಲಿ ಮುಂದಿದ್ದ ಎರಡು ಮೂರು ಮರಿಗಳ ಕರುಳಿನಲ್ಲಿ ಕಂದುಬಣ್ಣದ ತೆಳುವಾದ ಗೆರೆಯೊಂದು ಕಂಡಿತು. ಈ ಮರಿಗಳು ನಾಲ್ಕು ಮಿಲಿಮೀಟರ್‌ಗಿಂತ ಉದ್ದವಿಲ್ಲ, ಗಾಜಿನಂತೆ ಪಾರದರ್ಶಕ. ಒಳಗಿನದೆಲ್ಲ ಹೊರಗಿನಿಂದಲೇ ಕಾಣುತ್ತದೆ. ಅದು ಕಣಗಳ ಗಂಟೇ ಎಂದು ನಾನು ಸಾಬೀತು ಮಾಡಿಲ್ಲ, ಮಾಡುವ ಸಲಕರಣೆಯೂ ನನ್ನ ಬಳಿ ಇರಲಿಲ್ಲ. ಎಲ್ಲಿ ಬರೆಯಲಿ ಎಂದು ಮೇಲ್ವಿಚಾರಕರನ್ನು ಕೇಳಿದೆ. 'ಹೃದಯ ಬಡಿಯುತ್ತಿದೆಯಲ್ಲ? ನಮೂನೆಯಲ್ಲಿ ಇಲ್ಲದ್ದು ನಮಗೆ ಬೇಡ' ಎಂದರು. ಅವರದು ತಪ್ಪೆಂದು ಹೇಳಲಾರೆ. ನಿಯಮ ಕೇಳಿದ್ದನ್ನು ಅವರು ಕೊಟ್ಟರು. ಆ ಮರಿಗಳನ್ನು 'ಆರೋಗ್ಯವಂತ' ಸಾಲಿಗೆ ಸೇರಿಸಿದ ಕೈ ನನ್ನದೇ ಆದ್ದರಿಂದ, ತಪ್ಪು ನಿಯಮದಲ್ಲಿದೆ ಎಂದು ಹೇಳುವ ಹೊಣೆಯೂ ನನ್ನದೇ ಎನಿಸುತ್ತದೆ.

ಮೊಟ್ಟೆಯೊಳಗಿನ ಭ್ರೂಣ ಬಹುಮಟ್ಟಿಗೆ ಸೂಕ್ಷ್ಮಜೀವಿಗಳಿಲ್ಲದ ಜಾಗದಲ್ಲಿ ಬೆಳೆಯುತ್ತದೆ. ಗರ್ಭಕಟ್ಟಿದ ಎರಡರಿಂದ ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ, ಸುಮಾರು ಮೂರನೆಯ ದಿನದ ಹೊತ್ತಿಗೆ ಬಾಯಿ ತೆರೆಯುತ್ತದೆ, ಸುತ್ತಲಿನ ನೀರಿನಿಂದ ಮೊದಲ ಬ್ಯಾಕ್ಟೀರಿಯಾಗಳು ಕರುಳನ್ನು ಪ್ರವೇಶಿಸುವುದು ಆಗಲೇ. ಐದನೆಯ ದಿನ ಹಳದಿ ಚೀಲದ ದಾಸ್ತಾನು ಮುಗಿಯುತ್ತ ಬಂದು ಮರಿ ತಾನೇ ಆಹಾರ ಹುಡುಕತೊಡಗುತ್ತದೆ. ಈ ದಿನಗಣನೆಯೂ 28.5 ಡಿಗ್ರಿಯಲ್ಲಿ ಬೆಳೆಸಿದ ಮರಿಗಳದ್ದು. ಪರೀಕ್ಷೆ ನಡೆಯುವ 26 ಡಿಗ್ರಿಯಲ್ಲಿ ಎಲ್ಲವೂ ಇನ್ನಷ್ಟು ತಡ. ಹೀಗೆ 96 ಗಂಟೆಗಳ ಗಡುವು ಮುಗಿಯುವಾಗ ಮರಿಯ ಬಾಯಿ ಆಗಷ್ಟೇ ತೆರೆದಿರುತ್ತದೆ, ಕರುಳು ಕೆಲಸಕ್ಕೆ ಇನ್ನೂ ಅಣಿಯಾಗುತ್ತಿರುತ್ತದೆ, ಅಲ್ಲಿ ಬೀಡುಬಿಡಬೇಕಾದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಇನ್ನೂ ಹೊರಗೇ ಇರುತ್ತವೆ. ಕರುಳಿನ ದಾರಿಯಿಂದ ಬರುವ ಹಾನಿಯನ್ನು ಕರುಳು ತೆರೆಯುವ ಮೊದಲೇ ಹುಡುಕಿ, ಸಿಗಲಿಲ್ಲವೆಂದು ವರದಿ ಬರೆಯುವುದನ್ನು ಪರೀಕ್ಷೆ ಎಂದು ಹೇಗೆ ಕರೆಯೋಣ?

ಬ್ಯಾಕ್ಟೀರಿಯಾ ಎಂದರೆ ರೋಗ ಎಂಬ ಹಳೆಯ ನಂಟು ನಮ್ಮ ಮನಸ್ಸಿನಿಂದ ಪೂರ್ತಿ ಹೋಗಿಲ್ಲವಾದ್ದರಿಂದ, ಇವುಗಳಿಂದ ಮರಿಗೆ ಏನು ಸಿಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಜೀಬ್ರಾ ಮೀನಿನ ಮರಿಗಳನ್ನು ಒಂದೂ ಸೂಕ್ಷ್ಮಜೀವಿ ತಾಗದಂತೆ ಬೆಳೆಸುವ ವಿಧಾನ ಕೈಗೂಡಿದ ಮೇಲೆ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಥ ಮರಿಗಳನ್ನು ಸಾಮಾನ್ಯ ಮರಿಗಳೊಂದಿಗೆ ಹೋಲಿಸಿತು. ಜೀರ್ಣಾಂಗದ 212 ವಂಶವಾಹಿಗಳ ಚಟುವಟಿಕೆ ಬ್ಯಾಕ್ಟೀರಿಯಾಗಳ ಇರುವಿಕೆಯನ್ನು ಅವಲಂಬಿಸಿತ್ತು. ಅವುಗಳಲ್ಲಿ 59 ಪ್ರತಿಕ್ರಿಯೆಗಳು ಇಲಿಯ ಕರುಳಿನಲ್ಲಿ ಕಂಡವುಗಳಿಗೆ ಹೊಂದುತ್ತಿದ್ದವು. ಎರಡು ವರ್ಷಗಳ ನಂತರ ಬಂದ ಮತ್ತೊಂದು ಅಧ್ಯಯನ, ಬ್ಯಾಕ್ಟೀರಿಯಾಗಳಿಲ್ಲದ ಮರಿಯ ಕರುಳು ಪೂರ್ತಿ ಪಕ್ವವಾಗುವುದಿಲ್ಲ ಎಂದು ತೋರಿಸಿತು: ಲೋಳೆ ಸ್ರವಿಸುವ ಕೋಶಗಳು ಕಡಿಮೆ, ಕರುಳಿನ ಒಳಮೈಯಲ್ಲಿ ಇರಬೇಕಾದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಕೆಲಸ ಇಲ್ಲ. ಈ ಕಿಣ್ವ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ವಿಷಾಂಶವನ್ನು ನಿರುಪದ್ರವಿಯಾಗಿಸುತ್ತದೆ. ಅಂದರೆ ಬ್ಯಾಕ್ಟೀರಿಯಾಗಳ ಜೊತೆ ಬಾಳುವುದನ್ನು ಕರುಳಿಗೆ ಕಲಿಸುವವು ಬ್ಯಾಕ್ಟೀರಿಯಾಗಳೇ. ಆಹಾರದ ಕೊಬ್ಬನ್ನು ಹೀರಿಕೊಳ್ಳುವುದರಲ್ಲೂ ಅವುಗಳ ಪಾಲಿದೆ ಎಂಬುದು 2012ರಲ್ಲಿ ತಿಳಿಯಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು 2016ರಲ್ಲಿ ಪ್ರಕಟವಾದ ಸಂಗತಿ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಮರಿಯ ಮೇದೋಜೀರಕ ಗ್ರಂಥಿಯಲ್ಲಿ ಮೂರನೆಯ ಮತ್ತು ಆರನೆಯ ದಿನಗಳ ನಡುವೆ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಬ್ಯಾಕ್ಟೀರಿಯಾಗಳಿಲ್ಲದ ಮರಿಗಳಲ್ಲಿ ಈ ಹೆಚ್ಚಳ ಆಗುವುದಿಲ್ಲ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಸ್ರವಿಸುವ ಒಂದೇ ಒಂದು ಪ್ರೋಟೀನನ್ನು ಕೊಟ್ಟರೆ ಕೋಶಗಳು ಮತ್ತೆ ಹೆಚ್ಚುತ್ತವೆ. ಮೂರನೆಯ ದಿನದಿಂದ ಆರನೆಯ ದಿನ: ನಾವು ತಟ್ಟೆ ಖಾಲಿ ಮಾಡುವುದು ಇದರ ನಡುವೆಯೇ. ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಮೊದಲು ನೆಲೆಯೂರಿತು ಎಂಬುದರ ಪರಿಣಾಮ ಕರುಳಿನಲ್ಲೇ ಉಳಿಯದೆ ದೇಹದ ಬೇರೊಂದು ಅಂಗದ ರಚನೆಯವರೆಗೂ ಹೋಗುತ್ತದೆ ಎಂದಮೇಲೆ, ಆ ದಿನಗಳಲ್ಲಿ ನೀರಿನಲ್ಲಿ ಏನಿತ್ತು ಎಂಬುದು ಸಣ್ಣ ಪ್ರಶ್ನೆಯಲ್ಲ. ಇನ್ನೂ ಒಂದು ಮಾತು. ಸೋಂಕನ್ನು ಗುರುತಿಟ್ಟುಕೊಂಡು ಹೋರಾಡುವ ರೋಗನಿರೋಧಕ ವ್ಯವಸ್ಥೆ ಈ ಮೀನಿನಲ್ಲಿ ಕೆಲಸಕ್ಕೆ ಬರುವುದು ನಾಲ್ಕರಿಂದ ಆರು ವಾರಗಳ ನಂತರ. ಅಲ್ಲಿಯವರೆಗೆ ಹುಟ್ಟಿನಿಂದ ಬಂದ ಸರಳ ರಕ್ಷಣೆ, ಲೋಳೆಯ ಪದರ ಮತ್ತು ಜಾಗ ಹಿಡಿದು ಕುಳಿತ ಒಳ್ಳೆಯ ಬ್ಯಾಕ್ಟೀರಿಯಾಗಳು, ಇಷ್ಟೇ ಅದರ ಕಾವಲು.

ಇನ್ನು ಕಣಗಳ ವಿಷಯ. 1ರಿಂದ 100 ನ್ಯಾನೋಮೀಟರ್ ಗಾತ್ರದವನ್ನು ನ್ಯಾನೋ ಕಣಗಳೆನ್ನುತ್ತೇವೆ. ಕರುಳಿನ ಬ್ಯಾಕ್ಟೀರಿಯಾವೊಂದು ಸಾಮಾನ್ಯವಾಗಿ ಒಂದೆರಡು ಮೈಕ್ರೋಮೀಟರ್ ಉದ್ದ, ಅಂದರೆ 20 ನ್ಯಾನೋಮೀಟರಿನ ಬೆಳ್ಳಿ ಕಣಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ದೊಡ್ಡದು. ಬಟ್ಟೆ, ಗಾಯದ ಪಟ್ಟಿ, ಡಬ್ಬಿಗಳಲ್ಲಿ ಬೆಳ್ಳಿಯ ಕಣಗಳನ್ನು ಸೇರಿಸುವುದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಕ್ಕೆಂದೇ. ಕಣ ಕರಗುತ್ತ ಬಿಡುವ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಳ್ಳುತ್ತವೆ, ಅದರ ಹೊರಪೊರೆಯನ್ನು ಕೆಡಿಸುತ್ತವೆ. ಸತುವಿನ ಆಕ್ಸೈಡ್ ಮತ್ತು ತಾಮ್ರದ ಕಣಗಳೂ ಇದೇ ಜಾತಿಗೆ ಸೇರಿದವು. ಕೊಲ್ಲುವ ಗುಣವನ್ನೇ ಲೇಬಲ್ಲಿನ ಮೇಲೆ ಹೆಮ್ಮೆಯಿಂದ ಅಚ್ಚುಹಾಕಿ ಮಾರುವ ವಸ್ತುವೊಂದು ನೀರಿಗಿಳಿದ ಕೂಡಲೇ ಯಾವ ಬ್ಯಾಕ್ಟೀರಿಯಾದ ಗೊಡವೆಗೂ ಹೋಗುವುದಿಲ್ಲ ಎಂದು ನಂಬುವುದಕ್ಕೆ ನನಗಂತೂ ಕಾರಣ ಕಾಣುತ್ತಿಲ್ಲ. ಬಣ್ಣ ಬಳಿದ ಕಟ್ಟಡಗಳ ಗೋಡೆಯಿಂದ ಟೈಟಾನಿಯಂ ಡೈಆಕ್ಸೈಡಿನ ನ್ಯಾನೋ ಕಣಗಳು ಮಳೆನೀರಿನೊಂದಿಗೆ ಹರಿದು ಹಳ್ಳ ಸೇರುವುದನ್ನೂ, ಬೆಳ್ಳಿ ಸೇರಿಸಿದ ಕಾಲುಚೀಲಗಳನ್ನು ನೀರಿನಲ್ಲಿ ಅದ್ದಿದಾಗ ಬೆಳ್ಳಿ ಹೊರಬರುವುದನ್ನೂ 2008ರಲ್ಲಿಯೇ ತೋರಿಸಲಾಗಿದೆ.

ಮೊಟ್ಟೆಯ ಕವಚ ಮರಿಯನ್ನು ಕಾಪಾಡುತ್ತದೆ ಎಂಬ ಸಮಾಧಾನವೂ ಪೂರ್ತಿ ನಿಲ್ಲುವುದಿಲ್ಲ. ಜೀಬ್ರಾ ಮೀನಿನ ಮೊಟ್ಟೆಯ ಕವಚದಲ್ಲಿ ಅರ್ಧ ಮೈಕ್ರೋಮೀಟರಿಗಿಂತ ತುಸು ದೊಡ್ಡದಾದ ರಂಧ್ರಗಳಿವೆ. ಬಿಡಿಬಿಡಿಯಾದ ಬೆಳ್ಳಿ ಕಣಗಳು ಅವುಗಳ ಮೂಲಕ ಒಳಹೋಗುವುದನ್ನು 2007ರಲ್ಲಿಯೇ ಕಂಡಿದ್ದಾರೆ. ಗಂಟುಗಟ್ಟಿದ ಕಣಗಳು ಕವಚದ ಮೇಲೆಯೇ ಅಂಟಿ ಉಳಿಯುವುದುಂಟು, ಅದು ನಿಜ. ಆದರೆ ಕವಚ ಒಡೆದು ಬಾಯಿ ತೆರೆದ ಮೇಲೆ ಆ ತಡೆ ಇಲ್ಲ. ಮೊದಲ ಆಹಾರವಾಗಿ ಮರಿ ನುಂಗುವ ಸೂಕ್ಷ್ಮ ಪ್ರಾಣಿಗಳು ತಾವೇ ನೀರನ್ನು ಸೋಸಿ ತಿನ್ನುವಂಥವು. ಸೋಸುವಾಗ ನೀರಿನಲ್ಲಿದ್ದ ಕಣಗಳನ್ನೂ ತಮ್ಮೊಳಗೆ ಕೂಡಿಹಾಕಿಕೊಂಡಿರುತ್ತವೆ. ಹೀಗಾಗಿ ನೀರಿನಲ್ಲಿ ಅಳೆದ ಪ್ರಮಾಣವೇ ಕರುಳಿಗೆ ತಲುಪಿದ ಪ್ರಮಾಣ ಎಂದು ತಿಳಿಯುವಂತಿಲ್ಲ. ನಮ್ಮ ತಟ್ಟೆಯ ಮರಿಗಳಿಗಾದರೋ ಆಹಾರವನ್ನೇ ಕೊಡುವುದಿಲ್ಲ.

ಕಣಗಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತವೆ ಎಂಬುದಕ್ಕೆ ಪುರಾವೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ತಾಮ್ರದ ಮತ್ತು ಬೆಳ್ಳಿಯ ನ್ಯಾನೋ ಕಣಗಳನ್ನು ಆಹಾರದಲ್ಲಿ ಬೆರೆಸಿ ಜೀಬ್ರಾ ಮೀನುಗಳಿಗೆ ತಿನ್ನಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ತಾಮ್ರದ ಕಣ ತಿಂದ ಮೀನುಗಳಲ್ಲಿ, ಸಿಹಿನೀರಿನ ಅನೇಕ ಮೀನುಗಳ ಕರುಳಿನಲ್ಲಿ ನೆಲೆಸಿ ಬಿ12 ಜೀವಸತ್ವವನ್ನು ತಯಾರಿಸುವ ಸೀಟೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗದಷ್ಟು ಕ್ಷೀಣಿಸಿತ್ತು. ಲೋಹವಲ್ಲದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಅರ್ಧ ಮೈಕ್ರೋಮೀಟರ್ ಗಾತ್ರದ ಚೂರುಗಳೂ ಬ್ಯಾಕ್ಟೀರಿಯಾಗಳ ಸಮತೋಲ ಕೆಡಿಸಿ ಕರುಳಿನ ಉರಿಯೂತಕ್ಕೆ ದಾರಿಮಾಡುತ್ತವೆ ಎಂದು 2018ರಲ್ಲಿ ವರದಿಯಾಯಿತು. ಇವೆರಡೂ ಬೆಳೆದ ಮೀನುಗಳ ಮೇಲೆ ನಡೆದವು ಎಂಬುದನ್ನು ಮುಚ್ಚಿಡುವುದಿಲ್ಲ. ಬೆಳೆದ ಮೀನಿನಲ್ಲಿ ಕಣಗಳು ಎದುರಿಸುವುದು ಆಗಲೇ ಬೇರುಬಿಟ್ಟ ಸಮುದಾಯವನ್ನು. ಮರಿಯಲ್ಲಿ ಬೇರುಬಿಡುವ ಕೆಲಸವೇ ಆಗ ನಡೆದಿರುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಮಣ್ಣು ಕೆಡುವುದಕ್ಕೂ ತೆನೆ ಬಂದ ಮೇಲೆ ಕೆಡುವುದಕ್ಕೂ ಇರುವ ವ್ಯತ್ಯಾಸ ಅದು.

ಮರಿಗಳ ಮೇಲೆಯೇ ನಡೆದ ಒಂದು ಕೆಲಸವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬ್ಯಾಕ್ಟೀರಿಯಾಗಳು ನೆಲೆಯೂರಿದ ಮರಿಗಳಿಗಿಂತ ಸೂಕ್ಷ್ಮಜೀವಿಗಳೇ ಇಲ್ಲದ ಮರಿಗಳಿಗೆ ಬೆಳ್ಳಿಯ ನ್ಯಾನೋ ಕಣಗಳು ಹೆಚ್ಚು ವಿಷವಾಗಿದ್ದವು. ಅಂದರೆ ಕಣಗಳ ದಾಳಿಗೆ ಗುರಿಯಾಗುವ ಬ್ಯಾಕ್ಟೀರಿಯಾಗಳೇ ಕಣಗಳಿಂದ ಮರಿಯನ್ನು ಕಾಯುತ್ತಲೂ ಇವೆ. ಇದರಿಂದ ತಮ್ಮ ನಿಯಮಗಳಿಗೆ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು, ಕಾವಲುಗಾರರು ಮೊದಲೇ ದುರ್ಬಲರಾದ ನೀರಿನಲ್ಲಿ, ಪ್ರತಿಜೀವಕಗಳ ಶೇಷವೋ ಬೇರೊಂದು ಲೋಹವೋ ಸೇರಿದ ಕಡೆ, ಅದೇ ಕಣ ಹೆಚ್ಚು ಕೆಡುಕು ಮಾಡಬಹುದು; ಒಂದೊಂದು ವಸ್ತುವನ್ನು ಬೇರೆಬೇರೆಯಾಗಿ ಶುದ್ಧ ನೀರಿನಲ್ಲಿಟ್ಟು ನೋಡುವ ಪರೀಕ್ಷೆಗೆ ಇದು ಎಂದೂ ಸಿಗುವುದಿಲ್ಲ. ಎರಡನೆಯದು ನಾನು ದಿನವೂ ಮಾಡುತ್ತಿದ್ದ ಕೆಲಸಕ್ಕೆ ಸಂಬಂಧಿಸಿದ್ದು. ಮೊಟ್ಟೆಗಳನ್ನು ಬ್ಲೀಚಿನಲ್ಲಿ ತೊಳೆಯುವ, ಬೂಸ್ಟು ಬಾರದಿರಲೆಂದು ನೀರಿಗೆ ಮೆಥಿಲೀನ್ ಬ್ಲೂ ಹಾಕುವ ರೂಢಿ ಈ ಮೀನನ್ನು ಸಾಕುವ ಅನೇಕ ಪ್ರಯೋಗಾಲಯಗಳಲ್ಲಿದೆ. ಒಬ್ಬರು ಮಾಡುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ತೊಳೆದ ಮೊಟ್ಟೆಯಿಂದ ಬಂದ ಮರಿಯೂ ತೊಳೆಯದ ಮೊಟ್ಟೆಯಿಂದ ಬಂದ ಮರಿಯೂ ಬ್ಯಾಕ್ಟೀರಿಯಾಗಳ ಲೆಕ್ಕದಲ್ಲಿ ಒಂದೇ ಅಲ್ಲ. ಆದರೆ ವರದಿಯ ಕೋಷ್ಟಕದಲ್ಲಿ ಎರಡೂ ಒಂದೇ. ಎರಡು ಪ್ರಯೋಗಾಲಯಗಳ ಫಲಿತಾಂಶ ಏಕೆ ಹೊಂದುತ್ತಿಲ್ಲ ಎಂದು ಸಭೆಗಳಲ್ಲಿ ತಲೆಕೆಡಿಸಿಕೊಳ್ಳುವವರು ಈ ಸಣ್ಣ ಬಾಟಲಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನೀರಿನಲ್ಲಿ ಕಣಗಳನ್ನು ಅಳೆಯುವ ರೀತಿಯೂ ಇಷ್ಟೇ ಕುರುಡಾಗಿದೆ. ಲೋಹಗಳನ್ನು ಪರೀಕ್ಷಿಸುವಾಗ ನೀರನ್ನು 0.45 ಮೈಕ್ರೋಮೀಟರ್ ರಂಧ್ರಗಳ ಪೊರೆಯ ಮೂಲಕ ಸೋಸಿ, ಕೆಳಗಿಳಿದದ್ದೆಲ್ಲ 'ಕರಗಿದ' ಲೋಹ ಎಂದು ಲೆಕ್ಕ ಹಾಕುವುದು ವಾಡಿಕೆ. 0.45 ಮೈಕ್ರೋಮೀಟರ್ ಎಂದರೆ 450 ನ್ಯಾನೋಮೀಟರ್. 20 ನ್ಯಾನೋಮೀಟರಿನ ಬಿಡಿ ಕಣ ಆ ಜರಡಿಯಲ್ಲಿ ನಿಲ್ಲುವ ಮಾತೇ ಇಲ್ಲ. ಕಣವಾಗಿಯೇ ಇಳಿದುಹೋಗಿ ದಾಖಲೆಯಲ್ಲಿ ಕರಗಿದ ಲೋಹವಾಗಿ ಕುಳಿತುಕೊಳ್ಳುತ್ತದೆ. ಇನ್ನು ಮಿತಿಗಳನ್ನು ತೂಕದಲ್ಲಿ ಹೇಳುವ ಪದ್ಧತಿ. 1 ಮೈಕ್ರೋಗ್ರಾಂ ಬೆಳ್ಳಿಯನ್ನು 1 ಮೈಕ್ರೋಮೀಟರ್ ವ್ಯಾಸದ ಗೋಲಿಗಳಾಗಿ ಮಾಡಿದರೆ ಸುಮಾರು 1 ಲಕ್ಷ 80 ಸಾವಿರ ಗೋಲಿಗಳಾಗುತ್ತವೆ. ಅದೇ ತೂಕವನ್ನು 20 ನ್ಯಾನೋಮೀಟರಿನ ಗೋಲಿಗಳಾಗಿ ಮಾಡಿದರೆ ಸುಮಾರು 2,300 ಕೋಟಿ. ಬೆಳ್ಳಿಯ ಸಾಂದ್ರತೆ ಗೊತ್ತಿದ್ದವರು ಯಾರಾದರೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕವಿದು. ತೂಕ ಒಂದೇ ಆದರೂ ಒಟ್ಟು ಮೇಲ್ಮೈ ಐವತ್ತು ಪಟ್ಟು ಹೆಚ್ಚು, ಮತ್ತು ಅಯಾನು ಬಿಡುವುದೂ ಬ್ಯಾಕ್ಟೀರಿಯಾಕ್ಕೆ ತಾಗುವುದೂ ಆ ಮೇಲ್ಮೈಯೇ. ಒಂದೊಂದು ಕಣವನ್ನೂ ಬೇರೆಯಾಗಿ ಎಣಿಸಿ ಗಾತ್ರ ಹೇಳಬಲ್ಲ ದ್ರವ್ಯರಾಶಿ ರೋಹಿತಮಾಪನದ ವಿಧಾನ ಇಂದು ಲಭ್ಯವಿದೆ. ಎಣಿಸಲು ಬಾರದ ಕಾಲದ ಮಾನದಂಡವನ್ನು ಎಣಿಸಬಲ್ಲ ಕಾಲದಲ್ಲೂ ಹಿಡಿದುಕೊಂಡಿದ್ದೇವೆ.

ನನ್ನ ವಾದಕ್ಕೆ ಎದುರಾಗುವ ಮಾತುಗಳು ನನಗೆ ಗೊತ್ತು. ಪ್ರಯೋಗಾಲಯಗಳಲ್ಲಿ ಬಳಸುವ ಪ್ರಮಾಣ ಹೊಳೆ ಕೆರೆಗಳಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ಅವುಗಳಲ್ಲಿ ಮುಖ್ಯವಾದದ್ದು, ಮತ್ತು ಬಹುಪಾಲು ಅಧ್ಯಯನಗಳ ವಿಷಯದಲ್ಲಿ ನಿಜವೂ ಹೌದು. ಕೊಳಚೆ ನೀರಿನಲ್ಲಿ ಬೆಳ್ಳಿಯ ಕಣಗಳು ಗಂಧಕದೊಂದಿಗೆ ಸೇರಿ ಬೆಳ್ಳಿಯ ಸಲ್ಫೈಡಾಗುತ್ತವೆ, ಆಗ ಅವುಗಳ ವಿಷ ಬಹಳ ಇಳಿಯುತ್ತದೆ, ಹೆಚ್ಚಿನ ಪಾಲು ಶುದ್ಧೀಕರಣ ಘಟಕದ ಕೆಸರಿನಲ್ಲೇ ಉಳಿಯುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಬ್ಯಾಕ್ಟೀರಿಯಾಗಳ ಪಟ್ಟಿ ಬದಲಾಯಿತು ಎಂದಮಾತ್ರಕ್ಕೆ ಮರಿಗೆ ಹಾನಿಯಾಯಿತು ಎಂದಾಗುವುದಿಲ್ಲ; ಒಂದೇ ತೊಟ್ಟಿಯ ಎರಡು ಆರೋಗ್ಯವಂತ ಮರಿಗಳ ಕರುಳೂ ಒಂದೇ ಥರ ಇರುವುದಿಲ್ಲ. ಆದರೆ ಈ ಮಾತುಗಳೆಲ್ಲ ಯಾವ ಕಡೆ ಕೈತೋರುತ್ತಿವೆ ಎಂದು ನೋಡಬೇಕು. ಪ್ರಮಾಣ ಹೆಚ್ಚಾಯಿತು ಎನ್ನುವುದಾದರೆ ಕಡಿಮೆ ಪ್ರಮಾಣದಲ್ಲಿ ಹೆಚ್ಚು ದಿನ ಪರೀಕ್ಷಿಸೋಣ. ಕಣ ಬದಲಾಗುತ್ತದೆ ಎನ್ನುವುದಾದರೆ ಕಾರ್ಖಾನೆಯಿಂದ ಬಂದ ಹೊಸ ಕಣದ ಜೊತೆಗೆ ಕೊಳಚೆ ನೀರಿನಲ್ಲಿ ಹಳತಾದ ಕಣವನ್ನೂ ಪರೀಕ್ಷಿಸೋಣ. ಎಲ್ಲ ಕಡೆಯ ಕೊಳಚೆ ನೀರೂ ಶುದ್ಧೀಕರಣ ಘಟಕವನ್ನು ಹಾದು ಬರುವುದಿಲ್ಲ, ಮಳೆಗೆ ತೊಳೆದುಹೋಗುವ ಬಣ್ಣ ಯಾವ ಘಟಕಕ್ಕೂ ಹೋಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ನಿಜವಾಗಿಯೂ ತೂಕವುಳ್ಳ ಆಕ್ಷೇಪ ಬೇರೊಂದಿದೆ. ಪರೀಕ್ಷೆ 96 ಗಂಟೆಗೆ ನಿಲ್ಲುವುದರ ಹಿಂದೆ ಕರುಣೆಯ ಕಾರಣವೂ ಇದೆ. ಯುರೋಪ್ ಒಕ್ಕೂಟದ 2010ರ ಪ್ರಾಣಿ ರಕ್ಷಣಾ ನಿರ್ದೇಶನ ಮೀನಿನ ಮರಿಯನ್ನು ತಾನಾಗಿ ಆಹಾರ ತಿನ್ನುವ ಹಂತದಿಂದ ರಕ್ಷಿತ ಪ್ರಾಣಿಯೆಂದು ಎಣಿಸುತ್ತದೆ. ಆ ಹಂತ ಮುಟ್ಟುವ ಮೊದಲೇ ಪರೀಕ್ಷೆ ಮುಗಿದರೆ ಪ್ರಾಣಿಪ್ರಯೋಗ ಅಷ್ಟು ಕಡಿಮೆಯಾಯಿತು. ದಿನವೂ ಆ ಮರಿಗಳನ್ನು ಕೊಲ್ಲುವ ಕೆಲಸ ಮಾಡಿದ ನನಗೆ ಈ ಕಾಳಜಿ ಹೊರಗಿನದಲ್ಲ, ಇನ್ನಷ್ಟು ಮೀನುಗಳನ್ನು ಕೊಲ್ಲಿ ಎಂದು ಕೇಳಲು ಈ ಪತ್ರ ಬರೆದಿಲ್ಲ. ಆದರೆ ಒಇಸಿಡಿಯದೇ 210ನೆಯ ಮಾರ್ಗಸೂಚಿಯಂತೆ ನಡೆಯುವ ದೀರ್ಘ ಪರೀಕ್ಷೆ ಈಗಾಗಲೇ ಚಾಲ್ತಿಯಲ್ಲಿದೆ. ಅದರಲ್ಲಿ ಜೀಬ್ರಾ ಮೀನಿನ ಮರಿಗಳನ್ನು ಮೊಟ್ಟೆಯೊಡೆದ ಮೇಲೆ 30 ದಿನ ಸಾಕುತ್ತಾರೆ, ಆಹಾರ ಕೊಡುತ್ತಾರೆ, ಕೊನೆಗೆ ಉಳಿದವುಗಳ ಉದ್ದ ಅಳೆದು ತೂಕ ಮಾಡುತ್ತಾರೆ. ತೂಕವಾದ ಮೇಲೆ ಆ ಮೀನುಗಳು ಕಸದ ಚೀಲಕ್ಕೆ ಹೋಗುತ್ತವೆ, ಕರುಳಿನ ಸಮೇತ. ನಮಗೆ ಬೇಕಾದ ಉತ್ತರದ ದೊಡ್ಡ ಭಾಗ ಆ ಚೀಲದಲ್ಲಿದೆ. ಒಂದು ಮೀನನ್ನೂ ಹೆಚ್ಚಾಗಿ ಬಳಸದೆ, ಆ ಕರುಳುಗಳನ್ನು ತೆಗೆದು ಶೀತಲೀಕರಿಸಿ, ಬ್ಯಾಕ್ಟೀರಿಯಾಗಳ ಗುರುತು ಹಿಡಿಯುವ 16ಎಸ್ ವಂಶವಾಹಿಯ ಅನುಕ್ರಮವನ್ನು ಓದಿದರೆ ಯಾವ ಬ್ಯಾಕ್ಟೀರಿಯಾ ಉಳಿಯಿತು, ಯಾವುದು ಕಾಣೆಯಾಯಿತು ಎಂದು ತಿಳಿಯುತ್ತದೆ. ಸಂಶೋಧನಾಲಯಗಳಲ್ಲಿ ಇದು ಇಂದು ದಿನನಿತ್ಯದ ಕೆಲಸ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ ಇದೇ: ಬ್ಯಾಕ್ಟೀರಿಯಾ ನಾಶಕ ಗುಣಕ್ಕಾಗಿಯೇ ತಯಾರಾಗುವ ನ್ಯಾನೋ ವಸ್ತುಗಳ ಮಟ್ಟಿಗಾದರೂ, ದೀರ್ಘ ಪರೀಕ್ಷೆಯ ಕೊನೆಯಲ್ಲಿ ಮೀನಿನ ಕರುಳಿನ ಬ್ಯಾಕ್ಟೀರಿಯಾಗಳ ವಿಶ್ಲೇಷಣೆಯನ್ನು ಕಡ್ಡಾಯಗೊಳಿಸಬೇಕು, ಅದರ ಪಕ್ಕದಲ್ಲಿ ಅಷ್ಟೇ ಪ್ರಮಾಣದ ಕರಗಿದ ಲೋಹದ ಪರೀಕ್ಷೆಯನ್ನೂ ಇಟ್ಟು, ಕೆಡುಕು ಕಣದಿಂದ ಬಂದದ್ದೋ ಅಯಾನಿನಿಂದ ಬಂದದ್ದೋ ಎಂದು ಬೇರ್ಪಡಿಸಬೇಕು. ಇಂಥ ವಸ್ತುಗಳಿಗೆ 96 ಗಂಟೆಯ ಪರೀಕ್ಷೆಯೊಂದನ್ನೇ ಆಧಾರವಾಗಿಟ್ಟು 'ಮೀನುಮರಿಗಳಿಗೆ ಸುರಕ್ಷಿತ' ಎಂಬ ಮಾತನ್ನು ಬಳಸಲು ಯಾರಿಗೂ ಅವಕಾಶವಿರಬಾರದು. ಮೊಟ್ಟೆಗಳನ್ನು ತೊಳೆದದ್ದು ಯಾವುದರಿಂದ, ನೀರಿಗೆ ಹಾಕಿದ್ದೇನು, ನೀರು ಕ್ರಿಮಿಶುದ್ಧವಾಗಿತ್ತೇ ಎಂಬುದನ್ನು ಪ್ರತಿ ವರದಿಯಲ್ಲೂ ನಮೂದಿಸುವಂತೆ ಮಾಡಲು ಖರ್ಚೇನೂ ಇಲ್ಲ, ನಮೂನೆಯಲ್ಲಿ ಮೂರು ಸಾಲು ಸೇರಿಸಿದರೆ ಆಯಿತು. ಜಲಮೂಲಗಳ ತಪಾಸಣೆಯಲ್ಲಿ 0.45 ಮೈಕ್ರೋಮೀಟರಿನ ಜರಡಿ ದಾಟಿದ ಲೋಹದಲ್ಲಿ ಕಣವೆಷ್ಟು, ನಿಜವಾಗಿ ಕರಗಿದ್ದೆಷ್ಟು ಎಂಬುದನ್ನು ಆಯ್ದ ಕೆಲವು ಜಾಗಗಳಲ್ಲಾದರೂ ಬೇರೆಯಾಗಿ ಎಣಿಸುವ ಕೆಲಸ ಮೀನು ಮೊಟ್ಟೆಯಿಡುವ ಕಾಲದಲ್ಲೇ ನಡೆಯಬೇಕು. ವರ್ಷದ ಸರಾಸರಿ ಲೆಕ್ಕ ಈ ವಿಷಯದಲ್ಲಿ ಕೆಲಸಕ್ಕೆ ಬಾರದು. ಮರಿಯ ಮಟ್ಟಿಗೆ ಆ ಒಂದು ವಾರವೇ ಲೆಕ್ಕ.

ಇವು ಆಗದ ಹೋಗದ ಬೇಡಿಕೆಗಳಲ್ಲ. ನ್ಯಾನೋ ರೂಪದ ವಸ್ತುಗಳನ್ನು ತಯಾರಿಸುವ, ಆಮದು ಮಾಡುವ, ಹಂಚುವವರು ವರ್ಷವರ್ಷವೂ ಘೋಷಣೆ ಸಲ್ಲಿಸಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2013ರಿಂದ ಇದೆ. ಯುರೋಪಿನ ರಾಸಾಯನಿಕ ನೋಂದಣಿ ಕಾನೂನು 2020ರ ಜನವರಿಯಿಂದ ನ್ಯಾನೋ ರೂಪಗಳ ಮಾಹಿತಿಯನ್ನು ಪ್ರತ್ಯೇಕವಾಗಿ ಕೇಳುತ್ತಿದೆ. ಆಹಾರದಲ್ಲಿ ಬಿಳುಪಿಗೆಂದು ಬಳಸುತ್ತಿದ್ದ ಟೈಟಾನಿಯಂ ಡೈಆಕ್ಸೈಡ್ ವಂಶವಾಹಿ ದ್ರವ್ಯವನ್ನು ಕೆಡಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿದ್ದೇ, ಮರುವರ್ಷ ಅದರ ಬಳಕೆಗೆ ನಿಷೇಧ ಬಂತು. ಅನುಮಾನ ನೀಗುವವರೆಗೆ ಕಾಯಬೇಕಾದವರು ತಿನ್ನುವವರಲ್ಲ, ಮಾರುವವರು ಎಂದು ಒಂದು ಪ್ರಾಧಿಕಾರ ನಿರ್ಧರಿಸಬಲ್ಲದು ಎಂಬುದಕ್ಕೆ ಅದು ನಿದರ್ಶನ. ನ್ಯಾನೋ ವಸ್ತುಗಳನ್ನು ನೀರಿನಲ್ಲಿ ಪರೀಕ್ಷಿಸುವ ಬಗೆಗೆ ಒಇಸಿಡಿಯೂ 2020ರಲ್ಲಿ ಪ್ರತ್ಯೇಕ ಕೈಪಿಡಿಯನ್ನು ಹೊರತಂದಿತು; ಕಣಗಳು ತಳಕ್ಕಿಳಿಯದಂತೆ, ಗಂಟುಗಟ್ಟದಂತೆ ನೋಡಿಕೊಳ್ಳುವ ವಿಷಯದಲ್ಲಿ ಅದು ನನ್ನಂಥವರ ಕೆಲಸಕ್ಕೆ ಬಹಳ ನೆರವಾಗುವಂಥದ್ದು. ದ್ರಾವಣದ ಬಗ್ಗೆ ತೋರಿದ ಆ ಎಚ್ಚರವನ್ನು ಕರುಳಿನ ಬಗ್ಗೆಯೂ ತೋರಿರೆಂದು ಕೇಳುತ್ತಿದ್ದೇನೆ.

ಮಾರ್ಗಸೂಚಿಗಳ ಮುಂದಿನ ಪರಿಷ್ಕರಣೆಯ ಕರಡನ್ನು ಸಿದ್ಧಪಡಿಸುವಾಗ ಈ ಕೋರಿಕೆಗಳನ್ನು ಕಾರ್ಯಸೂಚಿಗೆ ಸೇರಿಸುತ್ತೀರೋ ಇಲ್ಲವೋ ಎಂಬುದನ್ನು, ಇಲ್ಲವಾದರೆ ಯಾವ ಕಾರಣಕ್ಕೆ ಎಂಬುದನ್ನು, ಬರಹದಲ್ಲಿ ಬಹಿರಂಗವಾಗಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಪರೀಕ್ಷಾ ಕೊಠಡಿಯಲ್ಲಿ ಕೆಲಸ ಮಾಡುವ ಸಹಾಯಕರನ್ನು ತಜ್ಞ ಸಮಿತಿ ಎಂದಾದರೂ ಕರೆದು ಕೇಳುವುದಾದರೆ, ತೊಳೆಯುವ ನೀರಿನಿಂದ ಹಿಡಿದು ಕಸದ ಚೀಲದವರೆಗೆ ನಾನು ಕಂಡದ್ದನ್ನು ವಿವರಿಸಲು ಸಿದ್ಧಳಿದ್ದೇನೆ.

ಗೌರವಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಮೀನುಮರಿಗಳ ಪರೀಕ್ಷೆಯಲ್ಲಿ ದುಡಿದ ಒಬ್ಬ ಪ್ರಯೋಗಾಲಯ ಸಹಾಯಕಿ